ನಂಜೇರಿದವರಿಗೆ ಪ್ಲೇಟ್‌ಲೆಟ್: ರಕ್ತ ಸೋರುವ ಮೊದಲೇ ಹಾಕಬೇಕೆ?

ಪರ

ಸಕಲೇಶಪುರದ ತೋಟದಲ್ಲಿ ಗಿಡ ಸವರುವಾಗ ಕಾಲಿಗೆ ಕತ್ತಿ ತಗುಲಿ, ಗಾಯ ಕೀವುಗಟ್ಟಿ, ನಂಜು ರಕ್ತಕ್ಕೇರಿದೆ (ವೈದ್ಯರು ಸೆಪ್ಸಿಸ್ ಎನ್ನುವುದು ಇದನ್ನೇ). ಹಾಸನಕ್ಕೆ ಕರೆತರುವ ಹೊತ್ತಿಗೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕೌಂಟ್ 18 ಸಾವಿರಕ್ಕೆ ಇಳಿದಿದೆ ಎಂದುಕೊಳ್ಳಿ. ಇರಬೇಕಾದದ್ದು ಒಂದೂವರೆಯಿಂದ ನಾಲ್ಕು ಲಕ್ಷ. ಒಸಡಲ್ಲಿ ರಕ್ತವಿಲ್ಲ, ಮೂತ್ರವೂ ಕೆಂಪಾಗಿಲ್ಲ. ಆದರೂ ಕಾಯಬಾರದು. ಬಿಪಿ ಏರಿಸುವ ಔಷಧಿಗೆ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಲೈನ್ (ನಳಿಕೆ) ಹಾಕಬೇಕು. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್‌ಗೆ ಇನ್ನೊಂದು. ಕೊಳೆತ ಮಾಂಸ ಕೆತ್ತಿ ತೆಗೆಯದೆ ನಂಜು ಇಳಿಯುವುದೇ ಇಲ್ಲ, ಆ ಆಪರೇಷನ್‌ಗೆ ಕೌಂಟ್ 50 ಸಾವಿರವಾದರೂ ಬೇಕು. 2016ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯೂ ರಕ್ತ ಸೋರದಿದ್ದರೂ 10 ಸಾವಿರದ ಕೆಳಗೆ, ಸೋರುವ ಅಪಾಯ ಹೆಚ್ಚಿದ್ದರೆ 20 ಸಾವಿರದ ಕೆಳಗೆ ಹಾಕಿ ಎಂದಿತ್ತು.

ಮೆದುಳಲ್ಲಿ ರಕ್ತ ಸೋರಿದ ಮೇಲೆ ಓಡಾಡಿ ಏನು ಪ್ರಯೋಜನ? ಪ್ಲೇಟ್‌ಲೆಟ್ ಚೀಲವನ್ನು 20ರಿಂದ 24 ಡಿಗ್ರಿಯಲ್ಲಿ, ಅಲುಗಾಡಿಸುತ್ತಲೇ ಇಡಬೇಕು. ಬಾಳಿಕೆ 5 ದಿನ. ಬೇಕೆಂದಾಗ ಬ್ಲಡ್ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ ಎನ್ನಲಾಗದು. ಒಬ್ಬ ದಾನಿಯ ರಕ್ತದಿಂದ ಬೇರ್ಪಡಿಸಿದ 50–70 ಮಿ.ಲೀ. ಚೀಲ ದೊಡ್ಡವರ ಕೌಂಟನ್ನು 5ರಿಂದ 10 ಸಾವಿರ ಏರಿಸುತ್ತದೆ, ಅಷ್ಟೇ. ನಾಲ್ಕಾರು ಚೀಲ ಹೊಂದಿಸುವಷ್ಟರಲ್ಲಿ ಬೆಳಗಾಗಿರುತ್ತದೆ.

ವಿರೋಧ

ಆ 5–10 ಸಾವಿರದ ಲೆಕ್ಕ ನಂಜಿಲ್ಲದ ದೇಹದ್ದು. ನಂಜಿನಲ್ಲಿ ಪ್ಲೇಟ್‌ಲೆಟ್ ಕಾದಾಟಕ್ಕಿಳಿದು ಖರ್ಚಾಗುತ್ತಿರುತ್ತದೆ. ಗ್ರಾಂ ನೆಗೆಟಿವ್ ಎಂಬ ಬಗೆಯ ಬ್ಯಾಕ್ಟೀರಿಯಾದ ಹೊರಪದರದ ವಿಷವನ್ನು ತನ್ನ ಮೈಮೇಲಿನ ಟಿಎಲ್‌ಆರ್4 ಗ್ರಾಹಕದಿಂದ ಗುರುತಿಸಿ, ಪಿ-ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನನ್ನು ಹೊರಚಾಚಿ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಕ್ಕೆ ಅಂಟಿಕೊಳ್ಳುತ್ತದೆ. ನ್ಯೂಟ್ರೋಫಿಲ್ ತನ್ನದೇ ಡಿಎನ್‌ಎಯನ್ನು ಬಲೆಯಾಗಿ ಬೀಸುತ್ತದೆ. ಬ್ಯಾಕ್ಟೀರಿಯಾ ಸಿಕ್ಕಿಬೀಳುವುದು ನಿಜ, ಆದರೆ ಆ ಬಲೆಗೇ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶ, ಕಿಡ್ನಿಗಳ ಸಣ್ಣ ನಾಳಗಳೂ ಮುಚ್ಚಿಹೋಗುತ್ತವೆ. ಅಲ್ಲಿಗೆ ಮತ್ತಷ್ಟು ಪ್ಲೇಟ್‌ಲೆಟ್ ಸುರಿದರೆ ಅದೂ ಹೆಪ್ಪಿಗೇ ಸೇರಬಹುದು. ಚೀಲ ಮುಗಿದ ಒಂದು ಗಂಟೆಗೆ ಕೌಂಟ್ ಮಾಡಿಸಿ: 18 ಸಾವಿರ ಇದ್ದದ್ದು 20 ದಾಟದಿರುವುದುಂಟು.

ಆ 18 ಸಾವಿರವಾದರೂ ನಿಜವೇ? ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತದೆ, ಯಂತ್ರ ಆ ಗುಂಪನ್ನು ಎಣಿಸದು. ಸ್ಲೈಡಿನ ಮೇಲೆ ರಕ್ತ ಸವರಿ ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗುಂಪು ಕಾಣುತ್ತದೆ. ಕಂಡರೆ, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ. ಹೆಪ್ಪು ತಡೆಯುವ ಹೆಪಾರಿನ್, ಆಂಟಿಬಯಾಟಿಕ್ ಆದ ಲಿನೆಜೋಲಿಡ್ ನಡೆಯುತ್ತಿದ್ದರೆ ಅವೂ ಕೌಂಟ್ ಬೀಳಿಸುತ್ತವೆ.

ಚೀಲವನ್ನು ಫ್ರಿಜ್ಜಿನ ಹೊರಗೆ ಇಡುವುದರಿಂದ ಅದರೊಳಗೇ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಬೇರೆ. ಮೊದಲೇ ಚಳಿಜ್ವರವಿರುವವರಿಗೆ ಹೊಸ ನಡುಕ ಬಂದರೆ ಅದು ಕಾಯಿಲೆಯದೋ ಚೀಲದ್ದೋ ಹೇಳುವುದು ಕಷ್ಟ.

ಡೆಂಗಿ ಕಾಲದ ಅಭ್ಯಾಸ, ಮನೆಯವರು ಮೊದಲು ಕೇಳುವುದು ಕೌಂಟನ್ನೇ. ಆಂಟಿಬಯಾಟಿಕ್ ಎಷ್ಟು ಹೊತ್ತಿಗೆ ಬಿತ್ತು, ಕೀವು ತೆಗೆದಾಯಿತೇ ಎಂದು ಕೇಳಿ. ಕಾಲಿನ ಆಪರೇಷನ್‌ಗೆ ಪ್ಲೇಟ್‌ಲೆಟ್ ಖಂಡಿತ ಕೊಡಲಿ. ಹಿಂದಿನ ರಾತ್ರಿ ಕೊಟ್ಟದ್ದು ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಟೇಬಲ್ಲಿಗೆ ಒಯ್ಯುವ ಮುಂಚೆ ಹಾಕಲಿ.