ಅಮ್ಮನ ಲೋಟ, ಜರ್ಮನಿಯ ತಕ್ಕಡಿ

ಮೈಸೂರು ಪಾಕಿಗೆ ನಮ್ಮಮ್ಮ ಹೇಳುವ ಲೆಕ್ಕ ಒಂದೇ ಸಾಲು. ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ದೀಪಾವಳಿಗೆ ನಾನು 100 ಗ್ರಾಂ ಹಿಟ್ಟು, 200 ಗ್ರಾಂ ಸಕ್ಕರೆ, 200 ಗ್ರಾಂ ತುಪ್ಪ ತೂಗಿಟ್ಟುಕೊಂಡೆ. ಪಾಕ ಚೆನ್ನಾಗಿಯೇ ಬಂತು. ಹಿಟ್ಟು ಹಾಕಿದ ಮೇಲೆ ಎಲ್ಲ ಗಟ್ಟಿ ಮುದ್ದೆಯಾಯಿತು. ಉಬ್ಬಲಿಲ್ಲ, ಗೂಡು ಕಟ್ಟಲಿಲ್ಲ. ಫೋನ್ ಮಾಡಿದರೆ ಅಮ್ಮ ಕೇಳಿದ್ದು ಒಂದೇ ಮಾತು: "ಲೋಟದಲ್ಲಿ ತಾನೇ ಅಳೆದಿದ್ದು?"

ಇಲ್ಲಿ ಯಾರ ಅಡುಗೆಮನೆಗೆ ಹೋದರೂ ಒಂದು ಪುಟ್ಟ ತಕ್ಕಡಿ ಇರುತ್ತದೆ. ಕೇಕಿನ ಪಾಕವಿಧಾನ ಗ್ರಾಮಿನಲ್ಲೇ ಶುರುವಾಗುತ್ತದೆ. ನನಗೂ ಅದೇ ರೂಢಿಯಾಗಿತ್ತು. ಅದೂ ಅಲ್ಲದೆ, ಇಡ್ಲಿಯನ್ನು ಮೂರಕ್ಕೆ ಒಂದು ಅಂತ ತೂಗಿಯೇ ಮಾಡುತ್ತಿದ್ದೆ, ಮೆತ್ತಗೆ ಬರುತ್ತಿತ್ತು. ಅದು ಯಾಕೆ ಸರಿಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. 200 ಮಿಲಿಯ ಲೋಟದಲ್ಲಿ ಅಕ್ಕಿ ಸುಮಾರು 165 ಗ್ರಾಂ ಹಿಡಿಯುತ್ತದೆ, ಉದ್ದಿನಬೇಳೆಯೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಅಳೆದರೂ ಒಂದೇ, ತೂಗಿದರೂ ಒಂದೇ. ಸಕ್ಕರೆಯ ತೂಕವೂ ಅದರ ಆಸುಪಾಸಿನಲ್ಲೇ ಇದೆ.

ಕಡಲೆಹಿಟ್ಟು ಹಾಗಲ್ಲ. ಜರಡಿ ಹಿಡಿದ ಹಿಟ್ಟು ಅದೇ ಲೋಟಕ್ಕೆ 80 ಗ್ರಾಂ ಅಷ್ಟೇ. ತುಪ್ಪ 180 ಗ್ರಾಂ. ಈಗ ಅಮ್ಮನ ಲೆಕ್ಕ ನೋಡಿ: 80 ಗ್ರಾಂ ಹಿಟ್ಟಿಗೆ 330 ಗ್ರಾಂ ಸಕ್ಕರೆ, 360 ಗ್ರಾಂ ತುಪ್ಪ. ತೂಕದಲ್ಲಿ ಒಂದಕ್ಕೆ ಎರಡಲ್ಲ, ಒಂದಕ್ಕೆ ನಾಲ್ಕು! ನಾನು ಹಾಕಿದ್ದು ಅದರ ಅರ್ಧ.

ನಮ್ಮ ಅಳತೆ ಬರೀ ಅಂದಾಜು ಅಂತ ಇಲ್ಲಿನ ನಮ್ಮವರೇ ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಲೋಟ ದೊಡ್ಡದೋ ಚಿಕ್ಕದೋ, ಎಲ್ಲಕ್ಕೂ ಅದೇ ಲೋಟ ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಆ ಲೆಕ್ಕವನ್ನು ಯಾವ ಊರಿಗೆ ಬೇಕಾದರೂ ಒಯ್ಯಬಹುದು. ತೊಂದರೆ ಬರುವುದು ಅರ್ಧ ಅಳೆದು ಅರ್ಧ ತೂಗಿದಾಗ. ಹಿಂದೆ ಸೇರು ಅನ್ನುವ ಒಂದೇ ಹೆಸರು ಅಳತೆಗೂ ಇತ್ತು, ತೂಕಕ್ಕೂ ಇತ್ತು. ತೂಕದ ಸೇರೆಂದರೆ 80 ತೊಲ, ಸುಮಾರು 933 ಗ್ರಾಂ. 1956ರ ಕಾನೂನು ಬಂದ ಮೇಲೆ ಅಂಗಡಿಗೆ ಕಿಲೋ ಬಂತು. ಅಡುಗೆಮನೆಯಲ್ಲಿ ಪಾವು ಉಳಿಯಿತು.

ಕಪ್ಪಿನ ಕಥೆಯೂ ಅಷ್ಟೇ. ಅಮೆರಿಕದ ಕಪ್ಪು 237 ಮಿಲಿ, ಆಸ್ಟ್ರೇಲಿಯಾದ್ದು 250, ಅನ್ನದ ಕುಕ್ಕರ್ ಜೊತೆ ಬರುವ ಕಪ್ಪು 180. ಅಲ್ಲಿರುವ ನೆಂಟರು "ಒಂದು ಕಪ್ಪು" ಅಂದರೆ ಯಾವುದು ಅಂತ ಕೇಳಲೇಬೇಕು.

ಆದರೆ ಮೈದಾ ವಿಷಯದಲ್ಲಿ ಜರ್ಮನಿಯವರ ದಾರಿಯೇ ಸರಿ. ಅಮೆರಿಕದ ಅದೇ ಕಪ್ಪಿಗೆ ಹಗುರಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150. ಬ್ರೆಡ್ಡು ಕಲ್ಲಾಗಲು ಅಷ್ಟು ಸಾಕು. ಇಲ್ಲಿನ ಅಳತೆ ಜಗ್ಗಿನ ಮೈಮೇಲೆ ನೀರಿಗೊಂದು ಗೆರೆ, ಹಿಟ್ಟಿಗೊಂದು, ಸಕ್ಕರೆಗೊಂದು ಇರುತ್ತದೆ. ಪ್ರತಿ ಸಾಮಾನಿಗೂ ಬೇರೆ ಗೆರೆ ಬೇಕು ಅನ್ನುವುದನ್ನು ಅವರು ಜಗ್ಗಿನ ಮೇಲೇ ಬರೆದುಬಿಟ್ಟಿದ್ದಾರೆ. ನಮ್ಮ ಕಡಲೆಹಿಟ್ಟಿಗೆ, ಚಿರೋಟಿ ರವೆಗೆ, ಅವಲಕ್ಕಿಗೆ ಅಲ್ಲಿ ಗೆರೆ ಇಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು, ಅಲ್ವಾ?

ಹೋದ ರಜೆಯಲ್ಲಿ ಊರಿಗೆ ತಕ್ಕಡಿ ತೆಗೆದುಕೊಂಡು ಹೋಗಿದ್ದೆ. ಅಮ್ಮನ ಲೋಟ ಅದರ ಮೇಲಿಟ್ಟು ಸೊನ್ನೆಗೆ ತಂದೆ. ಅಮ್ಮ ತುಂಬಿದರು, ನಾನು ಬರೆದುಕೊಂಡೆ. ನಾಲ್ಕು ದಿನದಲ್ಲಿ ಎರಡು ಪುಟ ತುಂಬಿತು. ಮಗಳಿಗೆ ಕೊಡುವ ಪುಸ್ತಕದಲ್ಲಿ ಈಗ ಲೋಟವೂ ಇದೆ, ಪಕ್ಕದಲ್ಲಿ ಗ್ರಾಮೂ ಇದೆ. ಕೊನೆಗೆ ಇಡ್ಲಿಗೆ ಹಾಕುವ ಒಂದು ಹಿಡಿ ಅವಲಕ್ಕಿ ಬಂತು. ಅಮ್ಮನ ಹಿಡಿಗೆ 14 ಗ್ರಾಂ, ನನ್ನ ಹಿಡಿಗೆ 21. ಆ ಸಾಲಿನಲ್ಲಿ "ಅಜ್ಜಿಯ ಹಿಡಿ, 14 ಗ್ರಾಂ" ಅಂತ ಬರೆದೆ.