ಹುಳ ಉಳಿಸೂದು ಬ್ಯಾರೆ, ಇಟ್ಕೊಳ್ಳೂದು ಬ್ಯಾರೆ

ನಮ್ಮ ಕಾಲೇಜಿನಲ್ಲಿ ಈ ವರ್ಷ 'ಪರಾಗಸ್ಪರ್ಶಿ ಸಂರಕ್ಷಣಾ ಸಮಿತಿ' ಹುಟ್ಟಿದೆ. ಪರಾಗಸ್ಪರ್ಶಿ ಅಂದರೆ ಹೂವಿಂದ ಹೂವಿಗೆ ಪರಾಗ ಸಾಗಿಸುವ ಜೇನು, ದುಂಬಿ, ಪಾತರಗಿತ್ತಿ ಇತ್ಯಾದಿ. ಯಾವ ಕಾಲೇಜು ಅಂತ ಕೇಳಬೇಡಿ. ಧಾರವಾಡದಲ್ಲಿ ಕಲ್ಲು ಒಗೆದರೆ ಸಾಹಿತಿಯ ಮನೆ ಮೇಲೆ ಬೀಳುತ್ತದೆ ಅಂತಾರಲ್ಲ, ಅಲ್ಲಿಂದ ಪುಟಿದರೆ ಕಾಲೇಜಿನ ಮೇಲೆ ಬೀಳುತ್ತದೆ. ಅಂಥದ್ದರಲ್ಲಿ ಒಂದು ಅಂದುಕೊಳ್ಳಿ.

ಸಮಿತಿಗೆ ನಾನೇ ಸಂಚಾಲಕ. ಕಲಿಸುವುದು ಕನ್ನಡ. ಹಳಗನ್ನಡ ಪಾಠದಲ್ಲಿ ಅಲ್ಲಲ್ಲಿ ದುಂಬಿ ಬರುತ್ತದೆ, ಜೇನಿಗೂ ನನಗೂ ಇರುವ ಸಂಬಂಧ ಅಷ್ಟೇ. ಪ್ರಾಣಿಶಾಸ್ತ್ರದವರು ಕಾಯಂ ನೌಕರರು, 'ಆಗೂದಿಲ್ರಿ' ಅನ್ನುವ ಹಕ್ಕು ಅವರಿಗಿದೆ. ನಾನು ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ನಿಮಗೆ ಗೊತ್ತಲ್ಲ, ಮನೆಯವರಿಗಿಂತ ಜಾಸ್ತಿ ಕೆಲಸ ಮಾಡಿ, ರಜೆ ಬಂದ ಕೂಡಲೇ ಸಂಬಳ ಇಲ್ಲದೆ ಊರಿಗೆ ಹೋಗುವವನು. ಈ ಲೆಕ್ಕದಲ್ಲಿ ಜೇನುಹುಳ ಕೂಡ ಅತಿಥಿ ಉಪನ್ಯಾಸಕನೇ. ಬಹುಶಃ ಅದಕ್ಕೇ ನನ್ನನ್ನು ಆರಿಸಿರಬೇಕು.

ಇದೆಲ್ಲ ಶುರುವಾದದ್ದು ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್‌ನಿಂದ. ಅದರ ಏಳನೇ ಮಾನದಂಡದಲ್ಲಿ ಕಾಲೇಜಿನ ಎರಡು 'ಬೆಸ್ಟ್ ಪ್ರಾಕ್ಟಿಸ್' ಬರೆಯಬೇಕಿತ್ತು. ನಮ್ಮಲ್ಲಿ ಒಂದಿತ್ತು, ಹೋದ ಸಲದ್ದೇ, 'ಗುರು-ಶಿಷ್ಯ ಬಾಂಧವ್ಯ'. ಇನ್ನೊಂದು ಬೇಕಿತ್ತು. ಪ್ರಾಚಾರ್ಯರು ಎಲ್ಲೋ ಓದಿಕೊಂಡು ಬಂದು, ಎಲ್ಲರೂ ಮಳೆನೀರು ಕೊಯ್ಲು ಬರೆದು ಬರೆದು ಹಳೇದಾಗಿದೆ, ನಾವು ಜೇನು ಹಿಡಿಯೋಣ ಅಂದರು. ಹಿಡಿಯೋಣ ಅಂದದ್ದು ವಿಷಯವನ್ನು.

ಮೇ 20 ವಿಶ್ವ ಜೇನು ದಿನ. ಕಾರ್ಯಕ್ರಮ ಅವತ್ತೇ ಅಂತಾಯಿತು. ಎಂಟು ಅಡಿ ಹನ್ನೆರಡು ಅಡಿ ಫ್ಲೆಕ್ಸ್ ಹುಬ್ಬಳ್ಳಿಯಲ್ಲಿ ಮಾಡಿಸಿ ತಂದರು. 'ಜೇನು ಉಳಿಸಿ, ಜಗ ಉಳಿಸಿ' ಅಂತ ದಪ್ಪ ಅಕ್ಷರ. ಕೆಳಗೆ ಒಂದು ಹುಳ ಹಲ್ಲು ಕಿಸಿದು ನಗುತ್ತಿದೆ, ಕೈಯಲ್ಲಿ ಬಕೆಟ್ಟು. ಹತ್ತಿರ ಹೋಗಿ ನೋಡಿದರೆ ಅದು ಜೇನಲ್ಲ, ಕಣಜ. ನುಣ್ಣನೆ ಮೈ, ಎಳೆದರೆ ಹರಿಯುವಂಥ ಸಣ್ಣ ನಡ. ಪ್ರಾಚಾರ್ಯರಿಗೆ ಹೇಳಿದೆ. "ಹಳದಿ ಕರಿ ಪಟ್ಟಿ ಐತಿಲ್ರಿ? ಸಾಕು," ಅಂದರು.

ತಾಪತ್ರಯ ಅದಲ್ಲ. ಫ್ಲೆಕ್ಸ್ ಕಟ್ಟಬೇಕಾದ ಜಾಗ ಮುಖ್ಯ ಕಟ್ಟಡದ ಪೋರ್ಚಿನ ತೊಲೆ, ಗೇಟಿನಿಂದ ಬರುವವರ ಕಣ್ಣಿಗೆ ಬೀಳುವ ಜಾಗ ಅದೊಂದೇ. ಆ ತೊಲೆಗೆ ಹೆಜ್ಜೇನು ಕಟ್ಟಿತ್ತು. ಮೊರದಷ್ಟು ಅಗಲದ ಒಂದೇ ಹುಟ್ಟು. ಹತ್ತಿರ ನಿಂತು ನೋಡಿದರೆ ಮೈತುಂಬ ಹುಳಗಳ ಕಂಬಳಿ ಹೊದ್ದುಕೊಂಡಂತೆ ಕಾಣುತ್ತಿತ್ತು, ಆಗಾಗ ಒಂದು ಅಲೆ ಈ ಕಡೆಯಿಂದ ಆ ಕಡೆ ಸರ್ರನೆ ಓಡುತ್ತಿತ್ತು, ಗಾಳಿಗೆ ಜೋಳದ ಹೊಲ ಹೊಯ್ದಾಡಿದ ಹಾಗೆ. ಅಲ್ಲಿ ಅವು ಎರಡು ತಿಂಗಳಿಂದ ಇದ್ದವು. ಯಾರಿಗೂ ಕಚ್ಚಿರಲಿಲ್ಲ, ಫೀ ಕೌಂಟರಿನ ಕ್ಲರ್ಕ್ ಬಗ್ಗೆ ಅಷ್ಟು ಖಾತ್ರಿಯಾಗಿ ಹೇಳಲಾರೆ.

"ಸರ, ಫ್ಲೆಕ್ಸ್ ಬ್ಯಾರೆ ಕಡೆ ಕಟ್ಟೂನ್ರಿ?" ಅಂದೆ.

"ಬರೋವರಿಗೆ ಕಾಣಬೇಕಲ್ರೀ. ಇದನ್ನ ತಗಸ್ರಿ."

"ಆದರ ಸರ, ಕಾರ್ಯಕ್ರಮ ಜೇನು ಉಳಿಸೂದು..."

"ಹುಳ ಉಳಿಸೂದು ಬ್ಯಾರೆ, ಇಟ್ಕೊಳ್ಳೂದು ಬ್ಯಾರೆ. ಅತಿಥಿಗೆ ಕಚ್ಚಿದ್ರ ಜವಾಬ್ದಾರಿ ನೀವು ತಗೋತೀರೇನು?"

ನಾನು ತಗೋಳ್ಳಲಿಲ್ಲ. ಅತಿಥಿಯಾದ ನನಗೇ ಕಾಲೇಜು ಯಾವ ಜವಾಬ್ದಾರಿ ತಗೊಂಡಿಲ್ಲ, ಬರುವ ಅತಿಥಿಯ ಉಸಾಬರಿ ನನಗ್ಯಾಕೆ.

18ರ ರಾತ್ರಿ ಇಬ್ಬರು ಬಂದು ಹೊಗೆ ಹಾಕಿದರು. ಬೆಳಿಗ್ಗೆ ನಾನು ಹೋದಾಗ ಪೇವರ್ ಬ್ಲಾಕಿನ ಮೇಲೆ ಹರಿದ ಹುಟ್ಟಿನ ಚೂರು ಬಿದ್ದಿದ್ದವು, ಕೋಣೆಗಳ ಒಳಗಿಂದ ಬಿಳಿ ಮರಿಹುಳ ಅರ್ಧ ಹೊರಬಂದು ನಿಂತಿದ್ದವು, ಕಾಗೆಗಳಿಗೆ ಹಬ್ಬ. ತುಪ್ಪ ಮಾತ್ರ ಪೋಲಾಗಲಿಲ್ಲ. ನಮ್ಮ ಕಡೆ ಜೇನಿಗೆ ಜೇನುತುಪ್ಪ ಅಂತಲೇ ಅನ್ನುವುದು. ಪಾವು ಲೀಟರಿನ ಬಾಟಲಿಗಳಲ್ಲಿ ತುಂಬಿ, ಹಸಿರು ರಿಬ್ಬನ್ ಕಟ್ಟಿ, ಮರುದಿನ ವೇದಿಕೆ ಮೇಲೆ ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟರು. ಪ್ರತಿ ಸಲ ಕೊಡುವುದು ಧಾರವಾಡ ಫೇಡೆ. ಈ ಸಲ ಪರಿಸರಸ್ನೇಹಿ.

ಇನ್ನು ಕ್ಯಾಂಪಸ್ಸಿನ ಬಗ್ಗೆ ಒಂದು ಮಾತು. ವರದಿಯಲ್ಲಿ ನಾವು 'ಹೂವಿನ ಕ್ಯಾಂಪಸ್' ಅಂತ ಬರೆದಿದ್ದೇವೆ. ಇರುವುದೇನು? ಮುಂದೆ ಲಾನು, ಅದಕ್ಕೆ ಬೇಸಿಗೆಯಲ್ಲೂ ಟ್ಯಾಂಕರ್ ನೀರು. ಪಕ್ಕದಲ್ಲಿ ಕ್ರೋಟನ್, ಹೂ ಬಿಡುವ ಮೊದಲೇ ಕತ್ತರಿ. ಸುತ್ತು ಸುತ್ತಿನ ದಪ್ಪ ಗುಲಾಬಿ, ನೋಡಲು ಚೆಂದ, ಆದರೆ ಅಂಥ ಹೂಗಳಲ್ಲಿ ಪರಾಗ ಕೊಡಬೇಕಾದ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಹುಳ ಬಂದು ಒಂದು ಸುತ್ತು ಹಾಕಿ ಖಾಲಿ ಕೈಯಲ್ಲಿ ವಾಪಸ್. ಖಾನಾವಳಿ ಮುಚ್ಚಿ, ಜೋಳದ ರೊಟ್ಟಿ ಎಣಗಾಯಿಯ ಫೋಟೋ ಗೋಡೆಗೆ ಹೊಡೆದು, ಬರ್ರಿ ಉಣ್ರಿ ಅಂದ ಹಾಗೆ.

ನಿಜವಾದ ಖಾನಾವಳಿ ಇದ್ದದ್ದು ಹಿಂದೆ, ಶೌಚಾಲಯದ ಗೋಡೆ ಹತ್ತಿರ. ತುಂಬೆ, ಉತ್ತರಾಣಿ, ಹೆಸರೇ ಇಲ್ಲದ ನಾಲ್ಕಾರು ಗಿಡ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತುಂಬೆ ಹೂವಿನ ಮೇಲೆ ಪುಟ್ಟ ಪುಟ್ಟ ಜೇನು ಸಾಲು ಹಚ್ಚಿರುತ್ತಿದ್ದವು, ಪಾತರಗಿತ್ತಿ ಬೇರೆ. ಅದನ್ನು ಕಸ ಅಂತ ಕರೆದು, ಕಾರ್ಯಕ್ರಮದ ಹಿಂದಿನ ವಾರ ಕಳೆನಾಶಕ ಹೊಡೆಸಿ, ಸ್ವಚ್ಛತೆಯ ಫೋಟೋ ತೆಗೆಸಿದರು. ಎರಡು ದೊಡ್ಡ ಹುಲಗಲ ಮರ ಇದ್ದವು, ಬೆಂಗಳೂರಿನವರು ಹೊಂಗೆ ಅನ್ನುತ್ತಾರಲ್ಲ, ಅವೇ. ಬೇಸಿಗೆಯಲ್ಲಿ ಆ ಮರದ ಕೆಳಗೆ ನಿಂತರೆ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತ ಹಾಗೆ ಗುಂಯ್ ಅನ್ನುತ್ತಿತ್ತು. ಹೂ ಉದುರಿ ಸ್ಟಾಫ್ ಕಾರುಗಳ ಮೇಲೆ ಕೂರುತ್ತವೆ ಅಂತ ತಕರಾರು ಬಂತು. ಹೋದ ವರ್ಷ ಮರ ಹೋದವು. ಈಗ ಆ ಜಾಗದಲ್ಲಿ ತಗಡಿನ ಶೆಡ್ಡು, ಅದರ ಕಂಬಕ್ಕೆ 'ಮರಗಳೇ ನಮ್ಮ ಉಸಿರು'.

ಜಗತ್ತಿನಲ್ಲಿ ಇಪ್ಪತ್ತು ಸಾವಿರ ಜಾತಿಯ ಜೇನು, ದುಂಬಿಗಳಿವೆಯಂತೆ. ಬಹುಪಾಲು ಗೂಡು ಮಾಡುವುದು ಮರದಲ್ಲಲ್ಲ, ಪೆಟ್ಟಿಗೆಯಲ್ಲೂ ಅಲ್ಲ, ಬರೀ ನೆಲದಲ್ಲಿ ತೂತು ಕೊರೆದು. ನಮ್ಮಲ್ಲಿ ಬರೀ ನೆಲ ಅಂದರೆ ಅವಮಾನ. ಗೇಟಿನಿಂದ ಗ್ರಂಥಾಲಯದವರೆಗೆ ಪೇವರ್ ಹಾಕಿದ್ದೇವೆ. ಬಾಕಿ ಉಳಿದದ್ದು ವಾಲಿಬಾಲ್ ಅಂಗಳ, ಅದಕ್ಕೂ ಎಸ್ಟಿಮೇಟ್ ಹೋಗಿದೆ.

ನೆಲದ ಬದಲು ಅವಕ್ಕೆ 'ಬೀ ಹೋಟೆಲ್' ಕೊಂಡಿದ್ದೇವೆ. ಬಿದಿರಿನ ಕೊಳವೆ ತುಂಬಿದ ಒಂದು ಪೆಟ್ಟಿಗೆ. ಮೂರು ಕೊಟೇಶನ್ ಕರೆದು, ಕಡಿಮೆ ದರದವರಿಗೆ ಕೊಟ್ಟು, ಅವರು ಹಳದಿ ಆಯಿಲ್ ಪೇಂಟ್ ಬಳಿದು ತಂದು, ಕಂಪ್ಯೂಟರ್ ಲ್ಯಾಬಿನ ಎಸಿಯ ಬಿಸಿಗಾಳಿ ನೇರ ಬಡಿಯುವ ಕಡೆ ನೇತು ಹಾಕಿದರು. ಇವತ್ತಿನವರೆಗೆ ಒಂದೂ ಬುಕಿಂಗ್ ಇಲ್ಲ. ಒಂದು ಹಲ್ಲಿ ಮಾತ್ರ ಇದೆ, ಅದು ಬಹುಶಃ ಮ್ಯಾನೇಜರ್. ನಾವು ಕರೆಯದೆ ತಾನಾಗಿ ಬಂದು ಮನೆ ಮಾಡಿದ್ದು ಒಂದು ಮಣ್ಣಿನ ಕಣಜ. ಎಲ್ಲಿ ಅಂದರೆ, ಪ್ರಾಚಾರ್ಯರ ಕೋಣೆಯ ಕೀಲಿ ತೂತಿನಲ್ಲಿ. ಸೋಮವಾರ ಬಾಗಿಲು ತೆಗೆಯಲಿಲ್ಲ. ಅರ್ಧ ತಾಸು ಸಿಪಾಯಿ ಕಡ್ಡಿ ಹಾಕಿ ಮಣ್ಣು ಕೆರೆದ. ಅವತ್ತು ಕಾಲೇಜು ಎಂದಿಗಿಂತ ಚೆನ್ನಾಗಿ ನಡೆಯಿತು.

ಕಾರ್ಯಕ್ರಮಕ್ಕೆ ಬರೋಣ. ಮೇ ತಿಂಗಳಲ್ಲಿ ಹುಡುಗರೆಲ್ಲಿ ಸಿಗುತ್ತಾರೆ, ಸರ್ಟಿಫಿಕೇಟ್ ಆಸೆ ತೋರಿಸಿ ನಲವತ್ತು ಜನರನ್ನು ಕೂಡಿಸಿದ್ದಾಯಿತು. ಮುಖ್ಯ ಅತಿಥಿಗಳು ಚೆನ್ನಾಗಿಯೇ ಮಾತಾಡಿದರು. ಮೇ 20 ಯಾಕೆ ಅಂದರೆ ಅದು ಅಂಟೋನ್ ಯಾನ್ಶಾ ಹುಟ್ಟಿದ ದಿನ, 1734, ಸ್ಲೊವೇನಿಯಾದವನು, ಆ ದೇಶ ಕೇಳಿಕೊಂಡಿದ್ದಕ್ಕೆ ವಿಶ್ವಸಂಸ್ಥೆ 2017ರಲ್ಲಿ ಘೋಷಿಸಿತು, 2018ರಿಂದ ಆಚರಣೆ. ಆ ಯಾನ್ಶಾನನ್ನು ಮಹಾರಾಣಿ ಮರಿಯಾ ತೆರೇಸಾ ವಿಯೆನ್ನಾದಲ್ಲಿ ಜೇನು ಸಾಕಣೆ ಕಲಿಸುವ ಮೇಷ್ಟ್ರಾಗಿ ನೇಮಿಸಿದಳಂತೆ. ಅರಮನೆಯ ನೇಮಕ! ನನ್ನ ಕಿವಿ ನೆಟ್ಟಗಾದದ್ದು ಅಲ್ಲೊಂದೇ ಕಡೆ.

ಪ್ರಶ್ನೆ ಕೇಳಬಹುದು ಅಂದಾಗ ಬಿ.ಎ. ಎರಡನೇ ವರ್ಷದ ಒಂದು ಹುಡುಗಿ ಎದ್ದಳು. ರಾಣೆಬೆನ್ನೂರು ಕಡೆಯವಳು.

"ಸರ, ನಮ್ಮವ್ವ ಹತ್ತಿ ಕ್ರಾಸಿಂಗಿಗೆ ಹೋಗ್ತಾಳ್ರಿ. ಸಂಜಿಗೆ ಮೊಗ್ಗಿ ಸುಲದು ಒಳಗಿನ ಕೇಸರ ತಗೀತಾಳ, ಮುಂಜಾನೆ ಗಂಡು ಹೂ ತಂದು ಅದರ ಮ್ಯಾಲೆ ತಿಕ್ಕತಾಳ. ದಿನಾ ಸಾವಿರಗಟ್ಲೆ ಹೂವ. ಆಕಿನೂ ಪರಾಗಸ್ಪರ್ಶಿ ಆಗ್ತಾಳೇನ್ರಿ?"

ಸಭೆ ನಕ್ಕಿತು. ಹುಡುಗಿ ನಗಲಿಲ್ಲ.

ಆಕೆ ಹೇಳಿದ್ದರಲ್ಲಿ ತಮಾಷೆ ಏನೂ ಇಲ್ಲ ನೋಡಿ. ಹಾವೇರಿ, ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜ ಮಾಡುವ ಹೊಲಗಳಲ್ಲಿ ಇದೇ ಕೆಲಸ. ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ 1972ರಲ್ಲಿ ಹೊರಬಂದದ್ದು ನಮ್ಮ ಧಾರವಾಡದಿಂದಲೇ. ಅವತ್ತಿಂದ ಎಷ್ಟು ಹೆಣ್ಣುಮಕ್ಕಳ ಉಗುರು ಆ ಮೊಗ್ಗು ಸುಲಿದು ಸವೆದಿವೆಯೋ. ಸೂರ್ಯಕಾಂತಿ ಕಥೆಯೂ ಅಷ್ಟೇ, ಜೇನು ಕಡಿಮೆಯಾದರೆ ಕಾಳು ಜೊಳ್ಳು, ಆಗ ಅಂಗೈಗೆ ತೆಳು ಬಟ್ಟೆ ಸುತ್ತಿಕೊಂಡು ಒಂದೊಂದೇ ಹೂವಿನ ಮುಖ ಸವರುತ್ತಾ ಹೋಗಬೇಕು, ದಿನ ಬಿಟ್ಟು ದಿನ. ಹುಳ ಪುಕ್ಕಟೆ ಮಾಡುವ ಕೆಲಸ ಅದು. ಕೂಲಿ ಕೊಟ್ಟು ಮಾಡಿಸಿದವರಿಗೆ ಅದರ ರೇಟು ಗೊತ್ತು.

ಅತಿಥಿಗಳು "ಒಳ್ಳೆ ಪ್ರಶ್ನೆ" ಅಂದರು. ನಮ್ಮ ದೇಶದಲ್ಲಿ ಒಳ್ಳೆ ಪ್ರಶ್ನೆ ಅಂದರೆ ಉತ್ತರ ಇಲ್ಲ ಅಂತ. ಪ್ರಾಚಾರ್ಯರು ಎದ್ದು ವಂದನಾರ್ಪಣೆಗೆ ಕರೆದರು.

ಆ ಹೊತ್ತಿಗೆ ನಾನು ಹೊರಗೆ ಪೋರ್ಚಿನಲ್ಲಿ ಚಹಾ ಬಂತಾ ನೋಡಲು ನಿಂತಿದ್ದೆ. ಸುಮ್ನೆ ತಲೆ ಎತ್ತಿದೆ. ಫ್ಲೆಕ್ಸಿನ ಹಿಂದೆ, ತೊಲೆಗೂ ಅದಕ್ಕೂ ನಡುವಿನ ಸಂದಿಯಲ್ಲಿ, ಹೊಗೆಯಿಂದ ತಪ್ಪಿಸಿಕೊಂಡ ಹೆಜ್ಜೇನು ಒಂದು ಬೊಗಸೆಯಷ್ಟು ಗುಂಪಾಗಿ ಕೂತಿದ್ದವು. ಮೇಣದ ಕಲೆ ಇನ್ನೂ ಇತ್ತಲ್ಲ, ಅಲ್ಲೇ. 'ಜೇನು ಉಳಿಸಿ'ಯ ನೆರಳಿನಲ್ಲಿ. ಫ್ಲೆಕ್ಸಿನಿಂದ ಅಷ್ಟಾದರೂ ಉಪಯೋಗ ಆಯಿತು ಅನ್ನಿ. ನಾನು ಯಾರಿಗೂ ಹೇಳಲಿಲ್ಲ. ಸಂಚಾಲಕನಾಗಿ ನಾನು ಮಾಡಿದ ಸಂರಕ್ಷಣೆ ಅದೊಂದೇ. ಎರಡು ದಿನ ಇದ್ದು ಹೋದವು. ಹೆಜ್ಜೇನು ವಲಸೆ ಹೋದರೂ ಹಳೇ ಜಾಗಕ್ಕೇ ತಿರುಗಿ ಬರುವುದುಂಟು ಅಂತ ಆಮೇಲೆ ಓದಿದೆ. ಅದನ್ನೂ ಹೇಳಿಲ್ಲ.

ವಾರ ಬಿಟ್ಟು ವರದಿ ಬರೆಯುವಾಗ ಹೊಸ ಗಂಟು. ಪ್ರತಿಯೊಂದಕ್ಕೂ ಜಿಯೋಟ್ಯಾಗ್, ಅಂದರೆ ತೆಗೆದ ಜಾಗದ ವಿವರ ಕೆಳಗೇ ಮೂಡಿರುವ ಫೋಟೋ ಬೇಕು. ಫ್ಲೆಕ್ಸ್ ಇತ್ತು, ಹೋಟೆಲ್ ಇತ್ತು, ಜೇನುತುಪ್ಪ ಹಿಡಿದ ಅತಿಥಿಗಳಿದ್ದರು. ಜೇನು ಇರಲಿಲ್ಲ. "ಒಂದಾರ ಜೀವಂತ ಹುಳದ ಫೋಟೋ ಹಾಕ್ರಿ, ಇಲ್ಲಾಂದ್ರ ಛಂದ ಕಾಣಂಗಿಲ್ಲ," ಅಂದರು ಪ್ರಾಚಾರ್ಯರು.

ಹುಡುಕಿದೆ. ಕ್ಯಾಂಟೀನಿನ ಕಸದ ಬುಟ್ಟಿಯಲ್ಲಿ ಇದ್ದವು, ಪೇಪರ್ ಕಪ್ಪಿನ ತಳದಲ್ಲಿ ಉಳಿದ ಸಕ್ಕರೆ ಚಹಾಕ್ಕೆ ಇಳಿದು, ರೆಕ್ಕೆ ಅಂಟಿ ಸತ್ತಿದ್ದವು. ಒಂದೊಂದು ಕಪ್ಪಿನಲ್ಲಿ ನಾಲ್ಕು, ಐದು. ಹೈಮಾಸ್ಟ್ ದೀಪದ ಕೆಳಗೂ ಇದ್ದವು, ಹೆಜ್ಜೇನು ರಾತ್ರಿ ಬೆಳಕಿಗೆ ಬರುತ್ತದೆ, ಬೆಳಿಗ್ಗೆ ಗುಡಿಸುವವರ ಕಸಬರಿಗೆಗೆ ಸಿಗುತ್ತದೆ. ಆದರೆ ಜೀವಂತ ಬೇಕು ಅಂದಿದ್ದರಲ್ಲ.

ಜೀವಂತ ಸಿಕ್ಕಿದ್ದು ಗೇಟಿನ ಹೊರಗೆ, ಕಬ್ಬಿನ ಹಾಲಿನ ಗಾಡಿಯಲ್ಲಿ. ಗಾಣದ ಹಲ್ಲಿನ ಮೇಲೆ, ಸಿಪ್ಪೆಯ ರಾಶಿಯ ಮೇಲೆ, ಕಾಕಾನ ಮುಂಗೈ ಮೇಲೆ ಕೂಡ. ಆತ ಓಡಿಸುವುದೂ ಇಲ್ಲ, ಗದ್ದಲ ಮಾಡುವುದೂ ಇಲ್ಲ, ಅವುಗಳ ನಡುವೆಯೇ ಕೈ ಹಾಕಿ ಕಬ್ಬು ತುರುಕುತ್ತಾನೆ. ಫೋಟೋ ಹೊಡೆದು ಒಯ್ದೆ. ಕೆಳಗೆ ಜಿಯೋಟ್ಯಾಗ್ ನೋಡಿದರೆ ಕಾಲೇಜಿನ ಹೆಸರಿಲ್ಲ, ರಸ್ತೆಯ ಹೆಸರು. ಕತ್ತರಿಸೋಣ ಅಂದರೆ ಟ್ಯಾಗೇ ಹೋಗುತ್ತದೆ. ಕೊನೆಗೆ ಪ್ರಾಚಾರ್ಯರೇ ಪರಿಹಾರ ಕಂಡುಹಿಡಿದರು. ಗಾಡಿಯನ್ನೇ ಹತ್ತು ನಿಮಿಷ ಒಳಗೆ ತರಿಸುವುದು.

ಗೇಟಿನಲ್ಲಿ ವಾಚ್‌ಮನ್ ತಡೆದ. ಒಳಗೆ ವ್ಯಾಪಾರಕ್ಕೆ ಬಿಡಬಾರದು ಅಂತ ಆರ್ಡರ್ ಇದೆ. ಆ ಆರ್ಡರಿಗೆ ಸಹಿ ಮಾಡಿದವರೇ ಬಂದು ಬಿಡಿಸಿದರು. ಕಾಕಾ ಗಾಡಿ ತಳ್ಳುತ್ತಾ ಪೋರ್ಚಿನವರೆಗೆ ಬಂದ, ಜೇನುಗಳು ಗಾಡಿಯ ಜತೆಗೇ ಬಂದವು, ಮೆರವಣಿಗೆ ಬಂದ ಹಾಗೆ. ಹಿಂದೆ ಫ್ಲೆಕ್ಸ್ ಕಾಣುವಂತೆ ಗಾಡಿ ನಿಲ್ಲಿಸಿ, ಪ್ರಾಚಾರ್ಯರು ಎರಡು ಅಡಿ ದೂರ ನಿಂತು ಸಂರಕ್ಷಿಸುವ ಮುಖ ಮಾಡಿದರು. ಫೋಟೋ ಚೆನ್ನಾಗಿ ಬಂತು.

ಕಾಕಾ ಕೈ ಒರೆಸಿಕೊಂಡು ಕೇಳಿದ, "ಎಷ್ಟು ಗ್ಲಾಸ್ ಕೊಡ್ಲಿರೀ ಸರ?"

"ಹದಿನಾಲ್ಕು. ಐಸ್ ಬ್ಯಾಡ."

ನನಗೆ ಒಂದು ಬಂತು. ಸಂಜೆ ವೋಚರ್ ಬರೆದೆ: 'ಪರಾಗಸ್ಪರ್ಶಿಗಳ ಆಹಾರ ವೆಚ್ಚ, ಹದಿನಾಲ್ಕು ಗ್ಲಾಸು.' ಮಂಜೂರಾಯಿತು.