ಲಕೋಟೆಯಲ್ಲಿ ಹಿಡಿಸದ ಪರದೆ

ಗುಟ್ಟಾಗಿ ಮತ ಹಾಕುವ ಹಕ್ಕು ಬ್ರಿಟನ್ನಿನವರಿಗೆ ಸಿಕ್ಕಿದ್ದು 1872ರಲ್ಲಿ. ಅದಕ್ಕೂ ಮೊದಲು ಮತದಾರ ಎಲ್ಲರೆದುರು ನಿಂತು ತನ್ನ ಮತ ಯಾರಿಗೆಂದು ಬಾಯಿಬಿಟ್ಟು ಹೇಳಬೇಕಿತ್ತು. ಜಮೀನ್ದಾರ ಕಿವಿಗೊಟ್ಟು ಕೇಳುತ್ತಿದ್ದ. ಗೇಣಿದಾರ ಮುಂದಿನ ವರ್ಷದ ಗೇಣಿಯನ್ನು ನೆನೆದು ಬಾಯಿ ತೆರೆಯುತ್ತಿದ್ದ. ಆ ವರ್ಷ ಪಾಂಟಿಫ್ರ್ಯಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಮೊದಲ ಗುಪ್ತ ಮತದಾನ ನಡೆದಾಗ ಪೆಟ್ಟಿಗೆಯ ಅರಗಿನ ಮೇಲೆ ಒತ್ತಿದ್ದು ಸ್ಥಳೀಯ ಮಿಠಾಯಿ ಕಾರ್ಖಾನೆಯ ಮುದ್ರೆ. ಮಿಠಾಯಿಯದಾದರೇನು, ಮುದ್ರೆ ಮುದ್ರೆಯೇ.

2000ದಲ್ಲಿ ಇನ್ನೊಂದು ಕಾಯ್ದೆ ಬಂತು. ಕಾಯಿಲೆ, ಪರಊರು ಎಂಬ ಕಾರಣ ಹೇಳಬೇಕಿಲ್ಲ, ಕೇಳಿದವರಿಗೆಲ್ಲ ಅಂಚೆ ಮತ. ಮತಪತ್ರ ಮನೆ ಬಾಗಿಲಿಗೆ ಬಂತು. ಮತಗಟ್ಟೆಯ ಪರದೆಯೊಂದು ಮಾತ್ರ ಲಕೋಟೆಯಲ್ಲಿ ಹಿಡಿಸಲಿಲ್ಲ. ಮನೆಯ ಯಜಮಾನರು ಊಟದ ಮೇಜಿನ ಮೇಲೆ ಐದಾರು ಲಕೋಟೆಗಳನ್ನು ಸಾಲಾಗಿ ಜೋಡಿಸಿ, “ನಿನಗೇಕಮ್ಮ ತೊಂದರೆ, ಸಹಿ ಹಾಕು ಸಾಕು” ಎಂದರೆ ಸೊಸೆ ಏನು ಮಾಡಬೇಕು? ಹಿಂದಿನ ಜಮೀನ್ದಾರನಿಗೆ ಊರಿನ ಚೌಕದವರೆಗೆ ನಡೆದುಹೋಗುವ ಶ್ರಮವಾದರೂ ಇತ್ತು.

2004ರ ಸ್ಥಳೀಯ ಚುನಾವಣೆಯಲ್ಲಿ ಬರ್ಮಿಂಗ್‌ಹ್ಯಾಮ್‌ನವರು ಇದನ್ನು ಮನೆಗೆಲಸದಿಂದ ಗೃಹೋದ್ಯಮಕ್ಕೆ ಏರಿಸಿದರು. ನಡುರಾತ್ರಿ ಗೋದಾಮೊಂದಕ್ಕೆ ಪೊಲೀಸರು ಹೋದರೆ, ಪಕ್ಷದ ಜನ ಮೇಜಿನ ಸುತ್ತ ಅಂಚೆ ಮತಪತ್ರಗಳನ್ನು ಹರವಿಕೊಂಡು ಕುಳಿತಿದ್ದರು. ವಿಚಾರಣೆ ನಡೆಸಿದ ನ್ಯಾಯಾಧೀಶ ರಿಚರ್ಡ್ ಮಾವ್ರಿ 2005ರ ಏಪ್ರಿಲ್‌ನಲ್ಲಿ ಆಸ್ಟನ್ ಮತ್ತು ಬೋರ್ಡ್ಸ್‌ಲಿ ಗ್ರೀನ್ ವಾರ್ಡ್‌ಗಳ ಚುನಾವಣೆಯನ್ನು ರದ್ದುಪಡಿಸಿದರು. ಅಕ್ರಮ ತಡೆಯುವ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದು ಸರ್ಕಾರ ಬೆನ್ನು ತಟ್ಟಿಕೊಂಡಿತ್ತು. ಅಂಥ ವ್ಯವಸ್ಥೆಯೇ ಇಲ್ಲ, ಎಂದೂ ಇರಲಿಲ್ಲ ಎಂದರು ಮಾವ್ರಿ. ನಡೆದಿರುವ ವಂಚನೆ ‘ಬನಾನಾ ರಿಪಬ್ಲಿಕ್’ಗೂ, ಅಂದರೆ ಬಾಳೆ ಬೆಳೆದು ಬದುಕುವ ಭ್ರಷ್ಟ ಆಡಳಿತದ ದೇಶಕ್ಕೂ, ನಾಚಿಕೆ ತರುವಂಥದ್ದು ಎಂದೂ ಸೇರಿಸಿದರು. (ಬಾಳೆ ಬೆಳೆಯುವ ನಾಡಿನವನಾಗಿ ಇದಕ್ಕೆ ನನ್ನ ಆಕ್ಷೇಪವಿದೆ. ನಂಜನಗೂಡಿನ ರಸಬಾಳೆ ಯಾರ ಮತವನ್ನೂ ಕದ್ದಿಲ್ಲ.)

ಆಮೇಲೆ ರಿಪೇರಿ ಶುರುವಾಯಿತು. ಲಕೋಟೆಯೊಳಗೆ ಸಹಿ ಮತ್ತು ಜನ್ಮದಿನಾಂಕ ಬರೆದಿಡಬೇಕು, ಕಚೇರಿಯವರು ತಾಳೆ ನೋಡುತ್ತಾರೆ. ಒಳ್ಳೆಯದೇ. ಸೊಸೆಯ ಸಹಿ ಸೊಸೆಯದೇ ಎಂದು ಇದರಿಂದ ಸಾಬೀತಾಗುತ್ತದೆ. ಸಹಿ ಹಾಕುವಾಗ ಕುರ್ಚಿಯ ಹಿಂದೆ ಯಾರು ನಿಂತಿದ್ದರು ಎಂಬ ಅಂಕಣ ಆ ಅರ್ಜಿಯಲ್ಲಿಲ್ಲ.

2022ರ ಕಾಯ್ದೆ ಇನ್ನೂ ಬಿಗಿ. ಮತಗಟ್ಟೆಗೆ ಬಂದ ತೊಂಬತ್ತರ ಅಜ್ಜಿಯೂ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ಚಿಂತೆ ಇದ್ದದ್ದು ಲಕೋಟೆಯ ಬಗ್ಗೆ, ಮುಖ ನೋಡುತ್ತಿರುವುದು ಖುದ್ದಾಗಿ ನಡೆದುಬಂದವರದ್ದು! ಲಕೋಟೆಗೂ ನಿಯಮವಿದೆ ಅನ್ನಿ. ಪಕ್ಷದ ಪ್ರಚಾರಕರು ಪರರ ಅಂಚೆ ಮತವನ್ನು ಮುಟ್ಟುವಂತಿಲ್ಲ. ಉಳಿದವರು ಮತಗಟ್ಟೆಯಲ್ಲಿ ತಮ್ಮದರ ಜೊತೆಗೆ ಬೇರೆಯವರ ಐದನ್ನಷ್ಟೇ ಒಪ್ಪಿಸಬಹುದು. ಅದಕ್ಕೊಂದು ಅರ್ಜಿಯನ್ನೂ ತುಂಬಬೇಕು.

ನಮ್ಮ ಯಜಮಾನರದ್ದು ಒಟ್ಟು ಕುಟುಂಬ, ಲಕೋಟೆ ಒಂಬತ್ತು. ಅವರು ಮತಗಟ್ಟೆಯ ತಂಟೆಗೇ ಹೋಗುವುದಿಲ್ಲ. ನಾಲ್ಕು ದಿನ ಮುಂಚೆಯೇ ಸಂಜೆಯ ವಾಕಿಂಗಿಗೆ ಹೊರಟವರು, ಬೀದಿ ಮೂಲೆಯ ಕೆಂಪು ಅಂಚೆ ಡಬ್ಬಿಯ ಬಾಯಿಗೆ ಒಂಬತ್ತನ್ನೂ ಒಂದೊಂದಾಗಿ ಹಾಕಿ, ಕೈ ಒರೆಸಿಕೊಂಡು ಮುಂದೆ ನಡೆಯುತ್ತಾರೆ. ಡಬ್ಬಿ ಅರ್ಜಿ ಕೇಳುವುದಿಲ್ಲ.